ಮೊದಲು ನಕಲು, ಆಮೇಲೆ ಹುಡುಕಾಟ

ಬೇಕಾದ ಫೈಲು ಅಳಿಸಿಹೋಯಿತೆಂದು ಗೊತ್ತಾದ ಕೂಡಲೇ ಬಹಳಷ್ಟು ಮಂದಿ ಮಾಡುವುದು ಒಂದೇ ಕೆಲಸ. ಫೈಲು ಮರಳಿಸುವ ತಂತ್ರಾಂಶವೊಂದನ್ನು ಅದೇ ಕಂಪ್ಯೂಟರಿಗೆ ಇಳಿಸಿಕೊಂಡು, ಅದೇ ಡಿಸ್ಕಿನಲ್ಲಿ ಅಳವಡಿಸಿ, ಸಿಕ್ಕಿದ್ದನ್ನೆಲ್ಲ ಅಲ್ಲೇ ಉಳಿಸುತ್ತಾರೆ. ಬಾವಿಗೆ ಬಿದ್ದ ಉಂಗುರ ಹುಡುಕಲು ಹೊರಟು ಬಾವಿಗೇ ಮಣ್ಣು ಸುರಿದ ಹಾಗೆ.

ಅಳಿಸಿದ ಮಾತ್ರಕ್ಕೆ ಫೈಲು ಡಿಸ್ಕಿನಿಂದ ಒರೆಸಿಹೋಗುವುದಿಲ್ಲ. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆಯೆಂದು ಲೆಕ್ಕವಿಡುವ ಕ್ರಮಕ್ಕೆ ಕಡತವ್ಯವಸ್ಥೆ ಎನ್ನುತ್ತಾರೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಫ್ಯಾಟ್ ಎಂಬ ಕಡತವ್ಯವಸ್ಥೆಯಲ್ಲಿ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಫೈಲು ಹಿಡಿದಿದ್ದ ಜಾಗ ಖಾಲಿಯೆಂದು ದಾಖಲಾಗುತ್ತದೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೆ ಮಾಹಿತಿ ಅಲ್ಲೇ ಇರುತ್ತದೆ. ಹಾಗಾಗಿ ಮೊದಲ ಹೆಜ್ಜೆ, ಬಳಕೆ ನಿಲ್ಲಿಸುವುದು. ಮೆಮೊರಿ ಕಾರ್ಡ್ ಆದರೆ ಹೊರತೆಗೆಯಿರಿ. ಕಂಪ್ಯೂಟರಿನೊಳಗಿನ ಡಿಸ್ಕ್ ಆದರೆ ಯಂತ್ರವನ್ನು ಆರಿಸಿ, ಡಿಸ್ಕನ್ನು ಅದರಿಂದ ಹೊರತೆಗೆದು ಬೇರೊಂದು ಕಂಪ್ಯೂಟರಿಗೆ ಜೋಡಿಸಿ.

ಇಲ್ಲಿ ಎಸ್‌ಎಸ್‌ಡಿಯ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವಿನ, ವಿಷಯ ಬೇರೆ. ಫೈಲು ಅಳಿಸಿದೊಡನೆ ಯಾವ ಜಾಗ ಬೇಡವಾಯಿತೆಂದು ಕಾರ್ಯಾಚರಣೆ ವ್ಯವಸ್ಥೆ ಟ್ರಿಮ್ ಎಂಬ ಆದೇಶದ ಮೂಲಕ ಡ್ರೈವಿಗೆ ತಿಳಿಸುತ್ತದೆ, ಡ್ರೈವು ತನ್ನ ಪಾಡಿಗೆ ಅದನ್ನು ಖಾಲಿ ಮಾಡಿಬಿಡುತ್ತದೆ. ವಿಂಡೋಸ್ 7ರಿಂದಲೇ ಈ ಸೌಲಭ್ಯವಿದೆ. ವೇಗಕ್ಕೆ ಅನುಕೂಲ, ಮರೆಗುಳಿಗಳಿಗೆ ಕಷ್ಟ.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ ತಕ್ಷಣ ವಿದ್ಯುತ್ ಕಡಿತಗೊಳಿಸಿ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಓದುತಲೆ ಕೆಟ್ಟಿರಬಹುದು. ಅದು ತಟ್ಟೆಯನ್ನು ಕೆರೆದರೆ ಮಾಹಿತಿ ಹಿಡಿದಿರುವ ಮೇಲ್ಪದರವೇ ಪುಡಿಯಾಗಿ ಹೋಗುತ್ತದೆ. ಈ ಹಂತದಲ್ಲಿ ಯಾವ ತಂತ್ರಾಂಶವೂ ಉಪಯೋಗಕ್ಕೆ ಬಾರದು, ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯಕ್ಕೇ ಕೊಡಬೇಕು. ಡಿಸ್ಕನ್ನು ಫ್ರೀಜರಿನಲ್ಲಿಡಿ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಹೊರತೆಗೆದಾಗ ತಟ್ಟೆಯ ಮೇಲೆ ಇಬ್ಬನಿ ಕೂತರೆ ಉಳಿದದ್ದೂ ಹೋದೀತು.

ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿದ್ದರೂ ಓದಲು ತಡವರಿಸುತ್ತಿದ್ದರೆ ಹುಡುಕಾಟಕ್ಕೆ ಇಳಿಯಬೇಡಿ. ಮೊದಲು ಇಡೀ ಡಿಸ್ಕಿನ ನಕಲು ತೆಗೆಯಿರಿ. ಇದಕ್ಕೆ ಲಿನಕ್ಸಿನಲ್ಲಿ ಸಿಗುವ ಉಚಿತ ತಂತ್ರಾಂಶ ಗ್ನೂ ಡಿಡಿರೆಸ್ಕ್ಯೂ. ಸುಲಭವಾಗಿ ಓದಬರುವ ಭಾಗಗಳನ್ನು ಅದು ಮೊದಲು ಬಾಚಿಕೊಳ್ಳುತ್ತದೆ, ಮೊಂಡು ಹಿಡಿದ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆನೆಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು. 500 ಜಿಬಿ ಡಿಸ್ಕಿನಲ್ಲಿ 40 ಜಿಬಿ ಮಾತ್ರ ತುಂಬಿದ್ದರೂ ನಕಲಿಗೆ 500 ಜಿಬಿ ಜಾಗ ಬೇಕು. ಆದೇಶದಲ್ಲಿ ಮೂಲ ಡಿಸ್ಕು, ಗುರಿ ಡಿಸ್ಕು ಅದಲು ಬದಲಾದರೆ ಕಥೆ ಅಲ್ಲಿಗೇ ಮುಗಿಯಿತು. ನಾನಂತೂ ಎರಡಕ್ಕೂ ಚೀಟಿ ಅಂಟಿಸಿ, ಪರದೆಯ ಮೇಲಿನ ಗಾತ್ರವನ್ನು ಎರಡೆರಡು ಸಲ ಓದಿದ ಮೇಲೆಯೇ ಎಂಟರ್ ಒತ್ತುತ್ತೇನೆ.

ಈ ನಡುವೆ ವಿಂಡೋಸ್ ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಬೇಡವೆನ್ನಿ. ಡಿಸ್ಕಿನ ತಪ್ಪು ತಿದ್ದಲು ವಿಂಡೋಸಿನಲ್ಲೇ ಇರುವ ಚೆಕ್‌ಡಿಸ್ಕನ್ನೂ ಓಡಿಸಬೇಡಿ. ಕಡತವ್ಯವಸ್ಥೆಯ ಲೆಕ್ಕ ಸರಿದೂಗಿಸುವುದು ಅದರ ಕೆಲಸ, ನಿಮ್ಮ ಫೈಲು ಉಳಿಸುವುದಲ್ಲ. ಅಷ್ಟರಲ್ಲೇ ಫಾರ್ಮ್ಯಾಟ್ ಆಗಿಹೋಗಿದ್ದರೆ? ಕಡತವ್ಯವಸ್ಥೆಯ ಲೆಕ್ಕವನ್ನಷ್ಟೇ ಹೊಸದಾಗಿ ಬರೆಯುವ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಉದ್ದಕ್ಕೂ ಸೊನ್ನೆ ಬರೆಯುತ್ತದೆ.

ನಕಲು ಸಿದ್ಧವಾದ ಮೇಲೆ ಅದರಲ್ಲೇ ಹುಡುಕಿ. ಡಿಸ್ಕಿನ ವಿಭಾಗವೇ (ಪಾರ್ಟಿಶನ್) ಕಾಣೆಯಾಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ, ಬಿಡಿ ಫೈಲುಗಳಿಗೆ ಅದರ ಜೊತೆಗೇ ಬರುವ ಫೋಟೋರೆಕ್. ಎರಡೂ ಉಚಿತ. ಫೋಟೋರೆಕ್ ಹೆಸರು, ಫೋಲ್ಡರುಗಳ ಗೊಡವೆಗೇ ಹೋಗುವುದಿಲ್ಲ. ಪ್ರತಿ ಬಗೆಯ ಫೈಲಿನ ಆರಂಭದಲ್ಲಿರುವ ಬೈಟುಗಳ ಗುರುತು ಹಿಡಿದು ಹೆಕ್ಕುತ್ತದೆ. ಪರಿಣಾಮವಾಗಿ, ಒಂದಕ್ಷರ, ಅದರ ಹಿಂದೆ ಬರೀ ಸಂಖ್ಯೆಗಳೇ ಹೆಸರಾಗಿರುವ ಸಾವಿರಾರು ಫೈಲುಗಳು ನಿಮ್ಮ ಮುಂದೆ ರಾಶಿ ಬೀಳುತ್ತವೆ. ಫೋಟೋಗಳನ್ನು ಅವುಗಳೊಳಗೇ ಅಡಗಿರುವ ದಿನಾಂಕದ ಪ್ರಕಾರ ಜೋಡಿಸಬಹುದು, ಉಳಿದವನ್ನು ಒಂದೊಂದಾಗಿ ತೆರೆದೇ ನೋಡಬೇಕು. ಡಿಸ್ಕಿನಲ್ಲಿ ತುಂಡು ತುಂಡಾಗಿ ಹರಡಿದ್ದ ಚಿತ್ರ ಅರ್ಧ ಸರಿಯಾಗಿ, ಅರ್ಧ ಬೂದು ಪಟ್ಟೆಯಾಗಿ ತೆರೆದುಕೊಳ್ಳುವುದುಂಟು. ಬೇಕಾದದ್ದೆಲ್ಲ ತೆರೆದು ನೋಡಿ ಮುಗಿಯುವವರೆಗೆ ನಕಲೂ ಇರಲಿ, ಕೆಟ್ಟ ಡಿಸ್ಕೂ ಇರಲಿ.