ಹುಡುಗ ಕೂತಿರೋ ಜಾಗಕ್ಕೆ ಹಿರಿಯನನ್ನು ತಂದಾಗ

ನಮ್ಮ ಕ್ಲಬ್ಬಿನ ಬೀರುವಿನಲ್ಲಿ ಒಂದು ಕಪ್ ಇದೆ. ಸೊಂಟದ ಎತ್ತರ ಬರುತ್ತದೆ. ಅದನ್ನು ಗೆದ್ದುಕೊಟ್ಟ ಹನ್ನೊಂದು ಜನರಲ್ಲಿ ಐವರ ಫೋನ್ ನಂಬರ್ ಕೂಡ ಈಗ ನನ್ನ ಹತ್ತಿರ ಇಲ್ಲ.

ಹಗಲು ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಸಂಜೆ ಚಿಕ್ಕಮಗಳೂರಿನ ಒಂದು ಫುಟ್‌ಬಾಲ್ ತಂಡದ ಮ್ಯಾನೇಜರ್. ವೃತ್ತಿಪರ ಅನ್ನೋ ಮಾತು ನಮಗೆ ಸ್ವಲ್ಪ ಜಾಸ್ತಿಯೇ. ಆದರೂ ದುಡ್ಡು ಕೊಟ್ಟು ಆಡಿಸುತ್ತೇವೆ, ಒಂದು ಹಾಳೆ ಮೇಲೆ ಸಹಿ ಹಾಕಿಸುತ್ತೇವೆ. ಹಾಗಾಗಿ ದೊಡ್ಡ ಕ್ಲಬ್ಬುಗಳ ತಲೆನೋವೇ ನಮಗೂ ಇದೆ, ಸೊನ್ನೆಗಳು ಮಾತ್ರ ಕಮ್ಮಿ. ತಲೆನೋವು ಏನಪ್ಪಾ ಅಂದರೆ, ಒಪ್ಪಂದ ಮುಗಿದು ಖಾಲಿ ಕೂತಿರೋ ಹಿರಿಯ ಆಟಗಾರನನ್ನು ಕರೆಸೋದಾ, ಊರಿನ ಹುಡುಗನನ್ನು ಬೆಳೆಸೋದಾ?

ಮೊದಲ ವರ್ಷ ನಾನು ಯೋಚನೆಯನ್ನೇ ಮಾಡಲಿಲ್ಲ. ಬೆಂಗಳೂರಿನ ಇಲಾಖಾ ತಂಡಗಳಲ್ಲಿ ಆಡಿ, ಮೂವತ್ತು ದಾಟಿ, ಜಾಗ ಕಳೆದುಕೊಂಡ ಒಳ್ಳೊಳ್ಳೆ ಆಟಗಾರರು ಸಿಗುತ್ತಾರೆ. ಮ್ಯಾಚ್ ಫೀಸು, ಬಸ್ ಚಾರ್ಜು, ಎರಡು ಹೊತ್ತು ಊಟ. ಅಷ್ಟಕ್ಕೆ ಬರುತ್ತಾರೆ. ಐವರನ್ನು ತಂದೆ. ಗೋಲು ಕಾಯುವ ಗೋಲಿ, ಅವನ ಮುಂದೆ ನಿಂತು ತಡೆಯುವ ಇಬ್ಬರು ಸ್ಟಾಪರ್, ಒಬ್ಬ ಮಿಡ್‌ಫೀಲ್ಡರ್, ಒಬ್ಬ ಫಾರ್ವರ್ಡ್. ಕಾಫಿ ಕೊಯ್ಲು ಮುಗಿದು, ಕೈಯಲ್ಲಿ ದುಡ್ಡು ಆಡುವ ಫೆಬ್ರವರಿ, ಮಾರ್ಚ್ ನಮ್ಮ ಟೂರ್ನಿಗಳ ಕಾಲ. ಆ ಮಾರ್ಚ್‌ನಲ್ಲಿ ಕಪ್ ಗೆದ್ದೆವು. ಹನುಮಂತಪ್ಪ ವೃತ್ತದವರೆಗೆ ಮೆರವಣಿಗೆ, ಪಟಾಕಿ, ಎಲ್ಲ ಆಯಿತು.

ಮುಂದಿನ ಫೆಬ್ರವರಿಯಲ್ಲಿ ಬೇರೆ ಊರಿನವರು ತಲೆಗೆ ಎರಡು ಸಾವಿರ ಜಾಸ್ತಿ ಅಂದರು. ನಾಲ್ವರು ಒಂದೊಂದು ವಾಟ್ಸಾಪ್ ಮೆಸೇಜ್ ಹಾಕಿ ಹೋದರು. ಐದನೆಯವನ ಮಂಡಿ ಹೋಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತೈದರ ಆಟಗಾರನಿಗೆ ಉಳಿದಿರೋದೇ ಒಂದೆರಡು ಸೀಸನ್, ದುಡ್ಡು ನೋಡದೆ ಇನ್ನೇನು ನೋಡುತ್ತಾನೆ? ಸಿಟ್ಟು ಬಂದದ್ದು ನನ್ನ ಮೇಲೆಯೇ. ಆ ಐವರಿಗಾಗಿ ಹಿಂದಿನ ವರ್ಷ ಐದು ಹುಡುಗರನ್ನು ಬೆಂಚಿನಲ್ಲಿ ಕೂರಿಸಿದ್ದೆನಲ್ಲ, ಅವರನ್ನು ಹುಡುಕಿಕೊಂಡು ಹೊರಟೆ. ಇಬ್ಬರು ಬೆಂಗಳೂರಿನಲ್ಲಿ ಊಟದ ಡೆಲಿವರಿ ಕೆಲಸಕ್ಕೆ ಸೇರಿದ್ದರು. ಒಬ್ಬ ಕೈಮರದಿಂದ ಮುಳ್ಳಯ್ಯನಗಿರಿಗೆ ಟೂರಿಸ್ಟ್ ಜೀಪ್ ಓಡಿಸುತ್ತಿದ್ದ. ಎಡಗಾಲಲ್ಲಿ ಚೆಂಡನ್ನು ಅಂಟಿಸಿಕೊಂಡ ಹಾಗೆ ಓಡುತ್ತಿದ್ದ ಹುಡುಗ. ಪೇಟೆವರೆಗೆ ಡ್ರಾಪ್ ಕೊಟ್ಟ, ದುಡ್ಡು ತಗೊಳ್ಳಲಿಲ್ಲ. ದಾರಿಯುದ್ದಕ್ಕೂ ಡೀಸೆಲ್ ರೇಟು, ವೀಕೆಂಡ್ ಜನ, ಇಷ್ಟೇ ಮಾತು. ಫುಟ್‌ಬಾಲ್ ವಿಷಯ ಎತ್ತಲೇ ಇಲ್ಲ. ನನಗೂ ಎತ್ತುವ ಧೈರ್ಯ ಬರಲಿಲ್ಲ.

ಅದಾದ ಮೇಲೆ ನಾನು ಇನ್ನೊಂದು ತುದಿಗೆ ಹಾರಿದೆ. ಹಿರಿಯರೇ ಬೇಡ, ಎಲ್ಲ ಹುಡುಗರೇ. ಒಬ್ಬನಿಗೂ ಇಪ್ಪತ್ತೊಂದು ದಾಟಿರಲಿಲ್ಲ. ಓಡುತ್ತಿದ್ದರು ನೋಡಿ, ಗಾಳಿ ಹಾಗೆ. ಆದರೆ ಸೋಲುತ್ತಿದ್ದರು.

ಒಂದು ಮ್ಯಾಚ್ ಈಗಲೂ ಕಣ್ಣಿಗೆ ಕಟ್ಟಿದೆ. ಜಿಲ್ಲಾ ಆಟದ ಮೈದಾನ, ಸಂಜೆ ಐದೂವರೆ, ಕೆಂಪು ಧೂಳು. ನಾವು 2-1 ಮುಂದೆ. ಐದು ನಿಮಿಷ ಬಾಕಿ. ಥ್ರೋ ನಮ್ಮದು. ಅನುಭವ ಇದ್ದವನಾದರೆ ಚೆಂಡಿನ ಕಡೆ ನಡೆದುಕೊಂಡು ಹೋಗುತ್ತಾನೆ, ಕೈ ಒರೆಸಿಕೊಳ್ಳುತ್ತಾನೆ, ಇನ್ನೊಬ್ಬನಿಗೆ ಕೊಡುವ ನಾಟಕ ಆಡುತ್ತಾನೆ. ನಮ್ಮ ಹುಡುಗ ಓಡಿಹೋಗಿ ಎತ್ತಿಕೊಂಡು, ತಲೆ ಎತ್ತದೆ ನೇರ ನಡುಮೈದಾನಕ್ಕೆ ಎಸೆದ. ಎದುರಿನವರು ಕಸಿದುಕೊಂಡರು. ಗೋಲು. ನಮ್ಮವರಿಗೆ ರೋಷ ಬಂತು, ಎಲ್ಲರೂ ಮುಂದೆ ನುಗ್ಗಿದರು. ಹಿಂದೆ ಬಯಲು. ಇನ್ನೊಂದು ಗೋಲು. 3-2 ಆದ ಮೇಲೆ ಅವರ ಕ್ಯಾಪ್ಟನ್, ನಲವತ್ತರ ಹತ್ತಿರದ ಆಸಾಮಿ, ಅದೇ ಶೂ ಲೇಸನ್ನು ಎರಡು ಸಲ ಕಟ್ಟಿದ. ನನಗೆ ಉರಿಯಿತು. ಆದರೂ ಮನಸ್ಸಿನಲ್ಲೇ ಕೈ ಮುಗಿದೆ.

ನಮ್ಮ ಕಮಿಟಿಯಲ್ಲಿ ಮೊಬೈಲ್ ಅಂಗಡಿಯವರೊಬ್ಬರಿದ್ದಾರೆ. ಪ್ರತಿ ಮೀಟಿಂಗಿನಲ್ಲೂ ಅವರಿಗೆ ಇಟಲಿಯ ಮಿಡ್‌ಫೀಲ್ಡರ್ ಪಿರ್ಲೋ ಉದಾಹರಣೆ ಬೇಕು. 2011ರಲ್ಲಿ ಎಸಿ ಮಿಲಾನ್ ಜೊತೆ ಒಪ್ಪಂದ ಮುಗಿದು, 32ನೇ ವಯಸ್ಸಿನಲ್ಲಿ ಯುವೆಂಟಸ್‌ಗೆ ಫ್ರೀಯಾಗಿ ಬಂದ. ಆ ಸೀಸನ್ ಯುವೆಂಟಸ್ ಒಂದೂ ಲೀಗ್ ಮ್ಯಾಚ್ ಸೋಲದೆ ಚಾಂಪಿಯನ್ ಆಯಿತು. ಮಾತು ನಿಜ. ಆದರೆ ಫ್ರೀ ಅಂದರೆ ಹಳೇ ಕ್ಲಬ್ಬಿಗೆ ಕೊಡುವ ದುಡ್ಡು ಫ್ರೀ, ಸಂಬಳ ಫ್ರೀ ಅಲ್ಲ. 1995ರ ಬೊಸ್‌ಮನ್ ತೀರ್ಪಿನ ನಂತರ ಯುರೋಪಿನಲ್ಲಿ ಒಪ್ಪಂದ ಮುಗಿದವನು ಶುಲ್ಕ ಇಲ್ಲದೆ ಹೊರಡಬಹುದು. ಹಾಗಾಗಿ ಉಳಿದ ಆ ದುಡ್ಡಿನಲ್ಲಿ ಆಟಗಾರನೇ ತನ್ನ ಪಾಲು ಕೇಳುತ್ತಾನೆ. ಇನ್ನೊಂದು ವಿಷಯ ನಮ್ಮ ಅಂಗಡಿಯವರು ಹೇಳೋದೇ ಇಲ್ಲ. ಪಿರ್ಲೋ ನಿಂತು ಪಾಸ್ ಕೊಡುತ್ತಿದ್ದಾಗ ಅವನ ಸುತ್ತ ಓಡಿ ಬೆವರು ಸುರಿಸಿದ್ದು ಯುವೆಂಟಸ್‌ನಲ್ಲೇ ಬೆಳೆದ ಮಾರ್ಕೀಸಿಯೊ, ಅದೇ ಬೇಸಿಗೆಯಲ್ಲಿ ತಂದ ವಿಡಾಲ್. ಆ ಕಾಲುಗಳು ಇಲ್ಲದಿದ್ದರೆ ಪಿರ್ಲೋ ಗತಿ ಏನಾಗುತ್ತಿತ್ತು?

ನಮ್ಮಲ್ಲೂ 2014ರಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗ ಪೋಸ್ಟರ್ ತುಂಬಾ ಯುರೋಪಿನ ಹಿರಿಯರೇ. ಡೆಲ್ಲಿಗೆ ಡೆಲ್ ಪಿಯೆರೊ, ಗೋವಾಕ್ಕೆ ಪಿರೆಸ್, ಪುಣೆಗೆ ಟ್ರೆಜೆಗೆ. ಸ್ಟೇಡಿಯಂ ತುಂಬಿಸೋಕೆ ಅದು ಸರಿಯೇ. ಆದರೆ ಮೂವರೂ ಒಂದೇ ಸೀಸನ್‌ಗೆ ಹೋದರು. ನನಗೆ ಇಷ್ಟವಾದದ್ದು ಬೆಂಗಳೂರು ಎಫ್‌ಸಿ ದಾರಿ. 2013ರಲ್ಲಿ ಕ್ಲಬ್ ಹುಟ್ಟಿದಾಗ ಸುನಿಲ್ ಛೆಟ್ರಿಯನ್ನು ತಂದರು, ಮೊದಲ ಸೀಸನ್‌ನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದರು. ಮರುವರ್ಷ ಟಾಟಾ ಅಕಾಡೆಮಿಯಿಂದ ಉದಾಂತ ಸಿಂಗ್ ಅನ್ನೋ ಹದಿಹರೆಯದ ಹುಡುಗನನ್ನು ಕರೆತಂದರು. ಛೆಟ್ರಿ ಜಾಗಕ್ಕಲ್ಲ, ರೆಕ್ಕೆಯಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ ಓಡೋಕೆ.

ಇದನ್ನೇ ನಮ್ಮ ತೋಟದ ಸಾಹುಕಾರರಿಗೆ ಹೇಳಿದೆ. ತಂಡಕ್ಕೆ ಜೆರ್ಸಿ ಕೊಡಿಸೋದು ಅವರೇ. ಫುಟ್‌ಬಾಲ್ ಅವರಿಗೆ ಅಷ್ಟಕ್ಕಷ್ಟೆ. ಎಲ್ಲ ಕೇಳಿಸಿಕೊಂಡು, "ಅಲ್ಲಯ್ಯ, ಮಳೆಗೆ ಮುಂಚೆ ನೆರಳಿನ ಮರದ ಕೊಂಬೆ ಕಡಿಸಿ ಮರಗಸಿ ಯಾಕೆ ಮಾಡಿಸ್ತೀಯ? ನೆರಳು ಜಾಸ್ತಿಯಾದರೆ ಗಿಡ ಉದ್ದಕ್ಕೆ ಬೆಳೀತದೆ, ಕಾಯಿ ಕಟ್ಟಲ್ಲ. ಹಾಗಂತ ಮರವನ್ನೇ ಬುಡಸಮೇತ ಕಡಿಸ್ತೀಯಾ?" ಅಂದರು. ನಾನು ಎರಡು ವರ್ಷದಲ್ಲಿ ಎರಡೂ ಮಾಡಿ ಮುಗಿಸಿದ್ದೆ, ಅಲ್ವಾ?

ಮೂರನೇ ವರ್ಷ ಒಬ್ಬನನ್ನೇ ತಂದೆ. ಮೂವತ್ತೈದರ ಸ್ಟಾಪರ್. ರೆಕ್ಕೆಯಲ್ಲಿ ಹಿರಿಯ ಬೇಡವೇ ಬೇಡ, ಅಲ್ಲಿ ವೇಗ ಹೋದರೆ ಎಲ್ಲ ಹೋಯಿತು. ಹಿಂದೆ ನಿಂತು ಆಟ ಓದುವವನಿಗೆ, ಗೋಲಿಗೆ, ಆಯಸ್ಸು ಜಾಸ್ತಿ. ಇಟಲಿಯ ಗೋಲಿ ಬುಫೋನ್ 45ರವರೆಗೆ ಆಡಲಿಲ್ಲವೇ? ನಾನು ಹಾಕಿಕೊಂಡ ನಿಯಮ ಒಂದೇ. ಆಗಲೇ ಒಬ್ಬ ಹುಡುಗ ತಯಾರಾಗಿ ಕೂತಿರೋ ಜಾಗಕ್ಕೆ ಹಿರಿಯ ಬರಬಾರದು. ನಮ್ಮಲ್ಲಿ ಸ್ಟಾಪರ್ ಜಾಗಕ್ಕೆ ಇದ್ದವನು ಹದಿನೇಳರ ಒಬ್ಬ, ಇನ್ನೂ ಹಸಿ.

ಹಾಳೆಯಲ್ಲಿ ಎರಡು ಮಾತು ಬರೆಸಿದೆ. ಒಂದು, ದುಡ್ಡಿನಲ್ಲಿ ಅರ್ಧ ಮ್ಯಾಚಿಗೆ, ಇನ್ನರ್ಧ ಪ್ರಾಕ್ಟೀಸಿಗೆ. ಪ್ರಾಕ್ಟೀಸಿಗೆ ಬರದಿದ್ದರೆ ಆ ಅರ್ಧ ಇಲ್ಲ. ಎರಡು, ನಾವು ಎರಡು ಗೋಲು ಮುಂದೆ ಇದ್ದರೆ 60ನೇ ನಿಮಿಷಕ್ಕೆ ಅವನು ಹೊರಗೆ, ಹುಡುಗ ಒಳಗೆ. ಎರಡನೆಯದಕ್ಕೆ ಅವನು ಮುಖ ಸಿಂಡರಿಸಿದ. "ಮಧ್ಯದಲ್ಲಿ ಎಬ್ಬಿಸೋಕೆ ನಾನೇನು ಮದುವೆ ಊಟಕ್ಕೆ ಕೂತಿದ್ದೀನಾ?" ಅಂದ. ಒಂದು ಗಂಟೆ ಚೌಕಾಸಿ ಆಯಿತು. ಕೊನೆಗೆ ಐನೂರು ಏರಿಸಿದೆ, ಸಹಿ ಹಾಕಿದ.

ಶುಕ್ರವಾರ ಸಂಜೆ ಬಸ್ಸಿಳಿದು ಬರುತ್ತಿದ್ದ. ಮೊದಲು ಒಂದು ಬಕೆಟ್ ಬಿಸಿನೀರು ಕೇಳುತ್ತಿದ್ದ. ಕಾಲು ಅದ್ದಿ, ಒರೆಸಿ, ಎರಡೂ ಹರಡಿಗೆ ಟೇಪ್ ಸುತ್ತಿಕೊಳ್ಳಲು ಇಪ್ಪತ್ತು ನಿಮಿಷ. ಹುಡುಗರು ಸುತ್ತ ನಿಂತು ನಗುತ್ತಿದ್ದರು. ಎರಡು ವಾರ ಕಳೆದಾಗ ಹದಿನೇಳರವನೂ ಟೇಪ್ ತಂದಿದ್ದ.

ಪಾಠ ಅಂತ ಅವನು ಜಾಸ್ತಿ ಮಾತಾಡಿದ್ದೇ ಇಲ್ಲ. ಹುಡುಗನ ಹಿಂದೆ ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದ. ಎದುರಿನಿಂದ ಚೆಂಡು ಬರುವಾಗ ಕೈ ಎತ್ತಿ ಬೆರಳು ತೋರಿಸುತ್ತಿದ್ದ. ಎರಡೋ ಮೂರೋ ಅಂತ ಹುಡುಗ ಕೂಗಿ ಹೇಳಿದ ಮೇಲೆಯೇ ಚೆಂಡು ಮುಟ್ಟಬೇಕು. ಅಂದರೆ ಚೆಂಡು ಬರೋ ಮುಂಚೆ ಹಿಂದೆ ತಿರುಗಿ ನೋಡಲೇಬೇಕು. ಮೊದಲ ದಿನ ಇಪ್ಪತ್ತರಲ್ಲಿ ನಾಲ್ಕು ಸರಿ. ಚೆಂಡು ಮೊಣಕಾಲಿಗೆ, ಹೊಟ್ಟೆಗೆ ಬಡಿಯುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಹುಡುಗನ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ತಿರುಗಿ ನೋಡ್ತಾನೆ ಅಂತ ಅವನ ತಾಯಿ ದೂರು ಹೇಳಿದರು.

ಆ ವರ್ಷ ಸೆಮಿಫೈನಲ್‌ನಲ್ಲಿ ಸೋತೆವು. ಹುಡುಗ ಒಟ್ಟು ಆರು ಮ್ಯಾಚ್‌ಗೆ ಇಳಿದಿದ್ದ.

ಕಾಗದದ ವಿಷಯದಲ್ಲಿ ಒಂದು ಪೆಟ್ಟು ತಿಂದಿದ್ದೇನೆ. ನಮ್ಮ ಇನ್ನೊಬ್ಬ ಹುಡುಗನನ್ನು ಬೆಂಗಳೂರಿನ ಒಂದು ಕ್ಲಬ್ ಕರೆದುಕೊಂಡು ಹೋಯಿತು. ನಮ್ಮಲ್ಲಿ ಐದು ವರ್ಷ ಆಡಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಒಬ್ಬ ಆಟಗಾರನನ್ನು ಒಂದು ದೇಶದ ಕ್ಲಬ್ ಇನ್ನೊಂದು ದೇಶದ ಕ್ಲಬ್‌ಗೆ ಮಾರಿದರೆ, 12ರಿಂದ 23 ವಯಸ್ಸಿನ ನಡುವೆ ಅವನನ್ನು ತರಬೇತಿಗೊಳಿಸಿದ ಕ್ಲಬ್ಬುಗಳಿಗೆ ಆ ಮೊತ್ತದಲ್ಲಿ 5% ಹಂಚಬೇಕು ಅಂತ ಫಿಫಾ ನಿಯಮ ಇದೆ. ಚಿಕ್ಕಮಗಳೂರಿಗೆ ಯೂರೋ ಬರುತ್ತೆ ಅಂತ ನಾನೇನೂ ಕನಸು ಕಾಣುತ್ತಿಲ್ಲ. ಆದರೆ ಸುಮ್ನೆ ಬಿಡೋದು ಯಾಕೆ? ಈಗ ಹುಡುಗರ ಹೆಸರು ಸರಿಯಾಗಿ ನೋಂದಣಿ ಮಾಡಿಸುತ್ತೇನೆ, ಹುಟ್ಟಿದ ದಿನದ ಪ್ರಮಾಣಪತ್ರ ಸಮೇತ.

ಮೊನ್ನೆ ಸ್ಟಾಪರ್ ಫೋನ್ ಮಾಡಿದ್ದ. "ಈ ಸಲ ಹಾಳೆ ಯಾವಾಗ ಕಳಿಸ್ತೀಯಾ?" ಅಂದ. ಹುಡುಗನಿಗೆ ಈಗ ಹತ್ತೊಂಬತ್ತು, ಜಾಗ ಅವನದ್ದು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಹಾಗಾದರೆ ಪ್ರಾಕ್ಟೀಸಿನ ಅರ್ಧ ದುಡ್ಡಿಗಾದರೂ ಬರ್ತೀನಿ, ಬರೀ ಬೆರಳು ತೋರಿಸೋಕೆ ಅಂದ. ಸರಿ ಅಂದೆ. ಬಸ್ ಚಾರ್ಜು ಯಾರದ್ದು ಅನ್ನೋದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ.