ಆಯಿಲ್ ಪ್ರೆಶರ್ ಅಲಾರಂ: ಸೆನ್ಸರ್ ಬದಲಿಸುವ ಮೊದಲು ನಾನು ನೋಡುವುದು

ಎಕ್ಸ್‌ಕವೇಟರ್ ಮಾನಿಟರ್‌ನಲ್ಲಿ ಆಯಿಲ್ ಪ್ರೆಶರ್ ದೀಪ ಹೊತ್ತಿದರೆ ಎಂಜಿನ್ ಆಫ್ ಮಾಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. "ಏ, ಅದು ಬರೀ ಸೆನ್ಸರ್ ಪ್ರಾಬ್ಲಂ" ಅಂತ ಓಡಿಸಿ, ನಿಜವಾಗಿಯೂ ಪ್ರೆಶರ್ ಬಿದ್ದಿದ್ದರೆ ಬೇರಿಂಗ್, ಕ್ರ್ಯಾಂಕ್, ಟರ್ಬೊ ಎಲ್ಲಾ ಒಟ್ಟಿಗೇ ಹೋಗುತ್ತವೆ. ಹಾಗಾಗಿ ವಯರಿಂಗ್ ಮೇಲೆ ಎಷ್ಟೇ ಅನುಮಾನ ಇದ್ದರೂ ನಾನು ಟೂಲ್ ಬಾಕ್ಸ್‌ನಿಂದ ಮೊದಲು ಹೊರಗೆ ತೆಗೆಯುವುದು ಮೆಕ್ಯಾನಿಕಲ್ ಗೇಜ್, ಅಂದರೆ ವಯರಿಂಗ್ ಇಲ್ಲದೆ ಪ್ರೆಶರನ್ನು ನೇರವಾಗಿ ತೋರಿಸುವ ಮುಳ್ಳಿನ ಮೀಟರ್.

ಡಿಪ್‌ಸ್ಟಿಕ್ ತೆಗೆದು ಲೆವೆಲ್ ನೋಡುತ್ತೇನೆ, ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತಿದೆಯಾ ಅಂತಲೂ ನೋಡುತ್ತೇನೆ. ಆಮೇಲೆ ಆಯಿಲ್ ಗ್ಯಾಲರಿಯ (ಎಂಜಿನ್ ಒಳಗೆ ಆಯಿಲ್ ಹರಿಯುವ ಮುಖ್ಯ ದಾರಿ) ಟೆಸ್ಟ್ ಪೋರ್ಟ್‌ಗೆ ಗೇಜ್ ಕೂರಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಂದು ಸಲ, ಹೈ ಐಡಲ್‌ನಲ್ಲಿ (ಲೋಡ್ ಇಲ್ಲದೆ ಪೂರ್ತಿ ಥ್ರಾಟಲ್) ಒಂದು ಸಲ ಓದಿ, ಆ ಎಂಜಿನ್‌ನ ಮ್ಯಾನ್ಯುಯಲ್ ಜೊತೆ ಹೋಲಿಸುತ್ತೇನೆ. ತಣ್ಣಗಿರುವಾಗ ನೋಡಿದರೆ ಪ್ರಯೋಜನ ಇಲ್ಲ. ಆಯಿಲ್ ಗಟ್ಟಿಯಾಗಿರುವುದರಿಂದ ಸವೆದ ಎಂಜಿನ್ ಕೂಡ ಒಳ್ಳೆಯ ಪ್ರೆಶರ್ ತೋರಿಸುತ್ತದೆ. ಗೇಜ್ ಸರಿ ಇದೆ, ಆದರೂ ಅಲಾರಂ ಇದೆ ಅಂದರೆ ಮಾತ್ರ ಎಲೆಕ್ಟ್ರಿಕಲ್ ಕಡೆ ಬರುತ್ತೇನೆ.

ಮುಂದೆ ಕೋಡ್, ಅಂದರೆ ಎಂಜಿನ್ ಕಂಪ್ಯೂಟರ್ ತೋರಿಸುವ ದೋಷದ ನಂಬರ್. ಜೆ1939 (ಭಾರೀ ವಾಹನಗಳ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಪದ್ಧತಿ) ಬಳಸುವ ಎಂಜಿನ್‌ಗಳಲ್ಲಿ ಆಯಿಲ್ ಪ್ರೆಶರ್‌ಗೆ ಎಸ್‌ಪಿಎನ್ 100. ಎಸ್‌ಪಿಎನ್ ಅಂದರೆ ತೊಂದರೆ ಯಾವುದರಲ್ಲಿ ಅನ್ನುವ ನಂಬರ್. ಅದರ ಪಕ್ಕದಲ್ಲಿ ಬರುವ, ತೊಂದರೆ ಯಾವ ಥರದ್ದು ಅಂತ ಹೇಳುವ ಎಫ್‌ಎಂಐ ನಂಬರನ್ನು ತುಂಬಾ ಜನ ಗಮನಿಸುವುದೇ ಇಲ್ಲ, ಆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. 3 ಅಂದರೆ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲೆ ಹೋಗಿದೆ. 4 ಅಂದರೆ ಕೆಳಗೆ ಹೋಗಿದೆ. ಇವೆರಡೂ ಸರ್ಕ್ಯೂಟ್ ತೊಂದರೆ. 1 ಅಥವಾ 18 ಬಂದರೆ ವೋಲ್ಟೇಜ್ ಮಿತಿಯೊಳಗೇ ಇದೆ, ಆದರೆ ಅದು ಹೇಳುತ್ತಿರುವ ಪ್ರೆಶರ್ ಕಮ್ಮಿ ಇದೆ ಅಂತ ಅರ್ಥ. ಕಮ್ಮಿನ್ಸ್ ಎಂಜಿನ್‌ನಲ್ಲಿ ಇದೇ ವಿಷಯ 135, 141, 143, 415 ಅಂತ ಬರುತ್ತದೆ. ಮೊದಲಿನ ಎರಡು ವೋಲ್ಟೇಜ್ ಕೋಡ್, ಕೊನೆಯ ಎರಡು ಪ್ರೆಶರ್ ಕೋಡ್. 415 ಬಂದ ಮೆಷಿನ್‌ನಲ್ಲಿ ಗೇಜ್ ಹಾಕದೆ ವಯರ್ ಹುಡುಕುತ್ತಾ ಕೂರುವುದು ಅಪಾಯದ ಕೆಲಸ.

ಈಗಿನ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮೂರು ವಯರ್‌ನ ಸೆನ್ಸರ್. 5 ವೋಲ್ಟ್ ಸಪ್ಲೈ, ರಿಟರ್ನ್ (ಸೆನ್ಸರ್‌ನ ಗ್ರೌಂಡ್ ವಯರ್), ಸಿಗ್ನಲ್. ಸಿಗ್ನಲ್ ಸುಮಾರು 0.5ರಿಂದ 4.5 ವೋಲ್ಟ್ ಒಳಗೆ ಓಡಾಡುತ್ತದೆ. ಎಂಜಿನ್ ನಿಂತು ಕೀ ಆನ್ ಇದ್ದಾಗ ಅರ್ಧ ವೋಲ್ಟ್ ಹತ್ತಿರ ಇರಬೇಕು. ಮೆಷಿನ್ ನಿಂತಿರುವಾಗಲೇ ಮಾನಿಟರ್ ಒಳ್ಳೇ ಪ್ರೆಶರ್ ತೋರಿಸುತ್ತಿದ್ದರೆ ಅಲ್ಲೇ ಗೊತ್ತಾಯಿತಲ್ವಾ, ರೀಡಿಂಗ್ ಸುಳ್ಳು. ಹಳೆ ಮೆಷಿನ್‌ನಲ್ಲಿ ಒಂದೇ ವಯರ್‌ನ ಪ್ರೆಶರ್ ಸ್ವಿಚ್ ಇರುತ್ತದೆ, ಅದಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ.

ಇಲ್ಲಿಂದ ನಾನು ಮಾಡುವುದು ಕೋಡ್ ತಿರುಗಿಸುವ ಪರೀಕ್ಷೆ. ನನಗೆ ಇದಕ್ಕಿಂತ ನಂಬಿಕೆಯ ವಿಧಾನ ಬೇರೆ ಇಲ್ಲ. ಕೀ ಆನ್ ಇಟ್ಟು, ಸೆನ್ಸರ್ ಕನೆಕ್ಟರ್ ಬಿಚ್ಚಿ, ಕೋಡ್ ಏನಾಯಿತು ಅಂತ ನೋಡುತ್ತೇನೆ. ಕೆಲವು ಇಸಿಎಂಗಳು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಿಗ್ನಲ್ ಲೈನನ್ನು ಒಳಗಿನಿಂದ 5 ವೋಲ್ಟ್ ಕಡೆ ಎಳೆದಿಟ್ಟಿರುತ್ತವೆ, ಅಂಥವುಗಳಲ್ಲಿ ಬಿಚ್ಚಿದ ತಕ್ಷಣ 3 ಬರಬೇಕು. ಈಗ ಹಾರ್ನೆಸ್ (ವಯರ್‌ಗಳ ಕಟ್ಟು) ಕಡೆಯ ಕನೆಕ್ಟರ್‌ನಲ್ಲಿ ಸಿಗ್ನಲ್ ಮತ್ತು ರಿಟರ್ನ್ ಪಿನ್‌ಗಳನ್ನು ಜಂಪರ್‌ನಿಂದ, ಅಂದರೆ ಒಂದು ತುಂಡು ವಯರ್‌ನಿಂದ, ಸೇರಿಸಿದರೆ 4ಕ್ಕೆ ತಿರುಗಬೇಕು. ಹೀಗೆ ಎರಡೂ ಕಡೆ ತಿರುಗಿತು ಅಂದರೆ ಇಸಿಎಂ ಮತ್ತು ಆ ಎರಡು ವಯರ್ ಸರಿ ಇವೆ. ಇನ್ನು ಸಪ್ಲೈ ಪಿನ್‌ನಲ್ಲಿ 5 ವೋಲ್ಟ್ ಸಿಕ್ಕಿದರೆ ಉಳಿದದ್ದು ಸೆನ್ಸರ್, ಇಲ್ಲವೇ ಕನೆಕ್ಟರ್ ಪಿನ್. ತಿರುಗಲಿಲ್ಲ ಅಂದರೆ ಹೊಸ ಸೆನ್ಸರ್ ಹಾಕಿ ಏನೂ ಆಗುವುದಿಲ್ಲ. ಸಿಗ್ನಲನ್ನು ಕೆಳಕ್ಕೆ ಎಳೆದಿಟ್ಟಿರುವ ಎಂಜಿನ್‌ಗಳಲ್ಲಿ ಇದೆಲ್ಲ ಉಲ್ಟಾ: ಬಿಚ್ಚಿದರೆ 4, ಸಪ್ಲೈ ಮತ್ತು ಸಿಗ್ನಲ್ ಸೇರಿಸಿದರೆ 3. ಅದಕ್ಕೇ ಸರ್ಕ್ಯೂಟ್ ಡಯಾಗ್ರಾಂ ಎದುರಿಗೆ ಇಟ್ಟುಕೊಂಡೇ ಜಂಪರ್ ಹಾಕಬೇಕು. ಬ್ಯಾಟರಿಯ 24 ವೋಲ್ಟನ್ನು ಈ ಪಿನ್‌ಗಳ ಹತ್ತಿರ ತರಲೇಬಾರದು, ಇಸಿಎಂ ಸುಟ್ಟುಹೋಗಬಹುದು.

ಒಂದು ಮೆಷಿನ್ ನೆನಪಿದೆ. ಬೆಳಗ್ಗೆ ಏನೂ ತೊಂದರೆ ಇಲ್ಲ, ಎಂಜಿನ್ ಬಿಸಿಯಾಗಿ ಕೆಲಸ ಜೋರಾದ ಮೇಲೆ ಅಲಾರಂ. ನಾನು ಹೋಗುವ ಹೊತ್ತಿಗೆ ಬೇರೆಯವರು ಆಗಲೇ ಸೆನ್ಸರ್ ಬದಲಿಸಿದ್ದರು. ಗೇಜ್ ಸರಿ ಇತ್ತು, ಕೋಡ್ 100-3. ಇಂಥ ಬಂದು ಹೋಗುವ ತೊಂದರೆಯನ್ನು ಅದು ಇರುವಾಗಲೇ ಹಿಡಿಯಬೇಕು, ತಣ್ಣಗಾದ ಮೇಲೆ ಎಷ್ಟು ಅಳೆದರೂ ಎಲ್ಲ ಸರಿ ಅಂತಲೇ ಬರುತ್ತದೆ. ಅಲಾರಂ ಬರುವ ತನಕ ಕೆಲಸ ಮಾಡಿಸಿ, ಎಂಜಿನ್ ನಿಲ್ಲಿಸಿ, ಕೀ ಆನ್ ಮಾಡಿ ಕನೆಕ್ಟರ್ ಬಿಚ್ಚಿದೆ. ಸಿಗ್ನಲ್ ಮತ್ತು ರಿಟರ್ನ್ ಸೇರಿಸಿದರೆ ಕೋಡ್ ಅಲುಗಾಡಲಿಲ್ಲ, 3 ಹಾಗೇ ಇತ್ತು. ಅದೇ ಸಿಗ್ನಲ್ ಪಿನ್ನನ್ನು ಎಂಜಿನ್ ಬ್ಲಾಕ್‌ಗೆ ತಾಗಿಸಿದೆ, ತಕ್ಷಣ 4 ಬಂತು. ಸಿಗ್ನಲ್ ವಯರ್ ಇಸಿಎಂ ತನಕ ಗಟ್ಟಿ ಇದೆ, ಕಡಿದಿರುವುದು ರಿಟರ್ನ್ ಅಂತ ಅಲ್ಲಿಗೆ ಖಾತ್ರಿಯಾಯಿತು. ರಿಟರ್ನ್ ಕಡಿದರೆ ಸೆನ್ಸರ್‌ನ ಔಟ್‌ಪುಟ್ ಮೇಲಕ್ಕೆ ಹೋಗುತ್ತದೆ, 3 ಬರುವುದು ಅದಕ್ಕೇ. ಆ ಎಂಜಿನ್‌ನಲ್ಲಿ ಅದೇ ರಿಟರ್ನನ್ನು ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿದ್ದವು, ಅವುಗಳ ರೀಡಿಂಗ್ ಎಲ್ಲ ಸರಿ ಇತ್ತು. ಹಾಗಾದರೆ ತೊಂದರೆ ಆ ರಿಟರ್ನ್ ವಯರ್‌ಗಳೆಲ್ಲ ಸೇರುವ ಜಾಯಿಂಟ್‌ನಿಂದ ಈಚೆ, ಸೆನ್ಸರ್‌ಗೆ ಬರುವ ಸ್ವಲ್ಪ ಉದ್ದದಲ್ಲೇ ಇರಬೇಕು. ಟೇಪ್ ಬಿಚ್ಚಿ ವಯರನ್ನು ಚೂರು ಚೂರೇ ಹಿಡಿದು ಮೆಲ್ಲಗೆ ಎಳೆಯುತ್ತಾ ಹೋದೆ. ಕ್ಲಿಪ್ ಹತ್ತಿರ ಒಂದು ಕಡೆ ರಬ್ಬರ್ ಥರ ಉದ್ದಕ್ಕೆ ಬಂತು. ಮೇಲಿನ ಇನ್ಸುಲೇಷನ್‌ಗೆ ಒಂದು ಗೀರು ಕೂಡ ಇಲ್ಲ, ಒಳಗೆ ತಾಮ್ರ ಪೂರ್ತಿ ಕಡಿದು ತುದಿ ಹಸಿರುಗಟ್ಟಿತ್ತು. ತಣ್ಣಗಿದ್ದಾಗ ಎರಡು ತುದಿ ತಾಗುತ್ತಿದ್ದವು, ಬಿಸಿಗೆ, ಅದುರಾಟಕ್ಕೆ ಬಿಡುತ್ತಿದ್ದವು.

ಈ 5 ವೋಲ್ಟ್ ಸಪ್ಲೈ ಕೂಡ ಸಾಮಾನ್ಯವಾಗಿ ಹಂಚಿಕೆಯದ್ದೇ. ಆಯಿಲ್ ಪ್ರೆಶರ್ ಜೊತೆ ಬೂಸ್ಟ್ (ಟರ್ಬೊ ಗಾಳಿಯ ಪ್ರೆಶರ್), ಫ್ಯೂಯೆಲ್ ಪ್ರೆಶರ್ ಕೋಡ್ ಒಟ್ಟಿಗೆ ಬಂದರೆ, ಅಥವಾ ಸೆನ್ಸರ್ ಸಪ್ಲೈ ವೋಲ್ಟೇಜ್‌ನ ಎಸ್‌ಪಿಎನ್ 3509 ಕಾಣಿಸಿದರೆ, ಯಾವುದೋ ಒಂದು ಸೆನ್ಸರ್ ಅಥವಾ ವಯರ್ ಶಾರ್ಟ್ ಆಗಿ ಉಳಿದವನ್ನೂ ಕೆಡಿಸುತ್ತಿದೆ ಅಂತ ಮೊದಲು ಅನುಮಾನ ಪಡಬೇಕು. ಆ ಸಪ್ಲೈಯಲ್ಲಿರುವ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಮೀಟರ್ ನೋಡಿ. ಯಾವುದನ್ನು ತೆಗೆದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ. ಎಲ್ಲ ತೆಗೆದರೂ ಬರಲಿಲ್ಲ ಅಂದರೆ ಹಾರ್ನೆಸ್ ಎಲ್ಲೋ ಬ್ರಾಕೆಟ್‌ಗೆ ಉಜ್ಜಿದೆಯಾ ನೋಡಬೇಕು.

ಕನೆಕ್ಟರ್ ಒಳಗೆ ಆಯಿಲ್ ಇದ್ದರೆ ಸುಮ್ನೆ ಒರೆಸಿ ಹಾಕಬೇಡಿ. ಸೆನ್ಸರ್ ಒಳಗಿನ ಸೀಲ್ ಹೋಗಿದೆ ಅಂತ ಅರ್ಥ. ಪ್ರೆಶರ್‌ನಲ್ಲಿರುವ ಆಯಿಲ್ ತಾಮ್ರದ ಎಳೆಗಳ ನಡುವೆ ನುಗ್ಗಿ ಇಸಿಎಂ ಕನೆಕ್ಟರ್ ತನಕ ಹೋಗಿರುವುದನ್ನು ನಾನು ನೋಡಿದ್ದೇನೆ, ಆದ್ದರಿಂದ ಆ ತುದಿಯನ್ನೂ ಬಿಚ್ಚಿ ನೋಡಿ. ನೀರಿನ ವಿಷಯಕ್ಕೆ ಬಂದರೆ, ಜೋರು ನೀರಿನಲ್ಲಿ ಎಂಜಿನ್ ತೊಳೆದ ಮಾರನೇ ದಿನ ಕೋಡ್ ಬಂದಿದೆ ಅಂದರೆ ಹುಡುಕುವ ಜಾಗ ಗೊತ್ತೇ ಇದೆ.

ಇನ್ನೊಂದು ವಿಷಯವನ್ನು ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ಪದೇ ಪದೇ ಹೇಳುತ್ತೇನೆ. ಮೀಟರ್‌ನ ದಪ್ಪ ಮುಳ್ಳನ್ನು ಕನೆಕ್ಟರ್‌ನ ಹೆಣ್ಣು ಪಿನ್ ಒಳಗೆ ತುರುಕಬೇಡಿ. ಪಿನ್ ಅಗಲವಾಗಿ, ಇಲ್ಲದ ಲೂಸ್ ಕಾಂಟ್ಯಾಕ್ಟ್ ನೀವೇ ಮಾಡಿದ ಹಾಗಾಗುತ್ತದೆ. ಅದೇ ಸೈಜಿನ ಗಂಡು ಪಿನ್‌ಗೆ ವಯರ್ ಕ್ರಿಂಪ್ ಮಾಡಿ ಇಟ್ಟುಕೊಂಡರೆ ಸಾಕು. ಓಮ್ ಅಳೆಯುವಾಗ ಕೀ ಆಫ್, ವಯರ್‌ನ ಎರಡೂ ತುದಿ ಬಿಚ್ಚಿರಬೇಕು. ಓಮ್ ಸರಿ ಬಂತು ಅಂತ ವಯರನ್ನು ಪೂರ್ತಿ ನಂಬಲೂ ಬೇಡಿ, ಒಂದೇ ಎಳೆ ಉಳಿದಿದ್ದರೂ ಮೀಟರ್ ಅದನ್ನು ಒಳ್ಳೆಯ ವಯರ್ ಅಂತಲೇ ತೋರಿಸುತ್ತದೆ. ಅಳೆಯುವಾಗ ಹಾರ್ನೆಸ್ ಅಲುಗಾಡಿಸಿ, ಬಗ್ಗಿಸಿ, ಎಳೆದು ನೋಡಿ.

ರಿಪೇರಿಯಲ್ಲಿ ತಿರುಚಿ ಟೇಪ್ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ಸರಿಯಾದ ಕ್ರಿಂಪ್, ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗುವ ಕೊಳವೆ), ಆಮೇಲೆ ಕ್ಲಿಪ್ ಹತ್ತಿರ ವಯರ್ ಬಿಗಿಯಾಗದಂತೆ ಸ್ವಲ್ಪ ಸಡಿಲ. ಕೋಡ್ ಅಳಿಸಿ, ಎಂಜಿನ್ ಬಿಸಿ ಮಾಡಿ, ಮೆಕ್ಯಾನಿಕಲ್ ಗೇಜನ್ನು ಬಿಚ್ಚದೆ ಹಾಗೇ ಇಟ್ಟು, ಮಾನಿಟರ್‌ನ ಸಂಖ್ಯೆ ಅದರ ಜೊತೆ ಐಡಲ್‌ನಲ್ಲೂ ಹೈ ಐಡಲ್‌ನಲ್ಲೂ ಹೊಂದುತ್ತದೆಯಾ ನೋಡುತ್ತೇನೆ. ಆಪರೇಟರ್ ಒಂದಷ್ಟು ಹೊತ್ತು ಸ್ಲೂ ಮಾಡಿ (ಮೆಷಿನ್‌ನ ಮೇಲ್ಭಾಗ ತಿರುಗಿಸಿ), ಟ್ರ್ಯಾಕ್ ಓಡಿಸಿದ ಮೇಲೂ ಎರಡು ಸಂಖ್ಯೆ ಹೊಂದಿದರೆ ಮಾತ್ರ ಗೇಜ್ ಬಿಚ್ಚಿ ಪ್ಲಗ್ ಹಾಕುತ್ತೇನೆ.