ಹದ್ದನ್ನು ಅಬ್‌ಸ್ಟ್ರಾಕ್ಟ್ ಆಗಿ ಬರೆಯುವುದು ಹೇಗೆ: ಕ್ರೀ ಕಲಾವಿದರನ್ನು ನೋಡಿ ಕಲಿತದ್ದು

ಬಸವನಗುಡಿಯ ನಮ್ಮ ತಾರಸಿಯಲ್ಲಿ ಭಾನುವಾರ ಪೇಂಟಿಂಗ್ ಹೇಳಿಕೊಡುತ್ತೇನೆ. ಪ್ರಾಣಿಯನ್ನು ಅಬ್‌ಸ್ಟ್ರಾಕ್ಟ್ ಆಗಿ, ಅಂದರೆ ಅದರ ಆಕಾರವನ್ನು ಇದ್ದ ಹಾಗೇ ಬಿಡಿಸದೆ, ಬರೆಯಿರಿ ಅಂದ ತಕ್ಷಣ ಎಲ್ಲರೂ ಮೊಬೈಲ್ ತೆಗೆದು, ಯಾವ ಪ್ರಾಣಿ ಯಾವುದರ ಸಂಕೇತ ಅಂತ ಹುಡುಕುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಕೆನಡಾದ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಏಳು ಬೋಧನೆಗಳಲ್ಲಿ ಕರಡಿ ಅಂದರೆ ಧೈರ್ಯ, ಈಗಲ್ ಹಕ್ಕಿ ಪ್ರೀತಿ, ತೋಳ ವಿನಯ. ಅವರ ನೆರೆಯ ಕ್ರೀ ಜನರೂ ಮೂಲನಿವಾಸಿಗಳೇ, ಅವರಿಗೆ ತಮ್ಮದೇ ಕಥೆಗಳಿವೆ. ಪಟ್ಟಿಯಿಂದ ಎತ್ತಿಕೊಂಡ ಅರ್ಥ ನಿಮ್ಮ ಚಿತ್ರದಲ್ಲಿ ಉಸಿರಾಡುವುದಿಲ್ಲ.

ಮೊದಲು ಕ್ರೀ ಕಲಾವಿದರ ಚಿತ್ರ ನೋಡಿ. ಜಾರ್ಜ್ ಲಿಟಲ್‌ಚೈಲ್ಡ್ 1958ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಹುಟ್ಟಿದವರು, ಬಯಲುಸೀಮೆಯ ಕ್ರೀ ಮೂಲದವರು. ಬೇರೆಯವರ ಮನೆಗಳಲ್ಲಿ ಬೆಳೆದು, ಆಮೇಲೆ ತಮ್ಮವರನ್ನು ಹುಡುಕಿಕೊಂಡು ಹೋದರು. ಅವರ ಗಾಢ ಬಣ್ಣದ ಕುದುರೆಗಳನ್ನು ನೋಡುವಾಗ ಇದು ಗೊತ್ತಿರಲಿ.

ನನಗೆ ಜಾಸ್ತಿ ಕಲಿಸಿದವರು ಕಾರ್ಲ್ ರೇ. ಒಂಟಾರಿಯೋದ ಸ್ಯಾಂಡಿ ಲೇಕ್‌ನ ಕ್ರೀ ಕಲಾವಿದ. 1967ರಲ್ಲಿ ಮಾಂಟ್ರಿಯಲ್‌ನ ಎಕ್ಸ್‌ಪೋ ವಿಶ್ವ ಪ್ರದರ್ಶನದಲ್ಲಿ ಅನಿಶಿನಾಬೆ ಕಲಾವಿದ ನಾರ್ವಲ್ ಮಾರಿಸ್ಸೋ ಒಂದು ದೊಡ್ಡ ಭಿತ್ತಿಚಿತ್ರ ಶುರು ಮಾಡಿದ್ದರು. ಕರಡಿ ಮರಿಗಳು ಭೂಮಿತಾಯಿಯ ಮೊಲೆ ಕುಡಿಯುವ ಚಿತ್ರ ಅದು. ಅಧಿಕಾರಿಗಳು ಬದಲಾಯಿಸಿ ಅಂದಾಗ ಮಾರಿಸ್ಸೋ ಬಿಟ್ಟು ಹೊರಟರು. ಮುಗಿಸಿದ್ದು ಕಾರ್ಲ್ ರೇ. ಈ ಬಳಗದ ವುಡ್‌ಲ್ಯಾಂಡ್ ಶೈಲಿಯಲ್ಲಿ ಪ್ರಾಣಿಯ ಹೊಟ್ಟೆಯೊಳಗಿನದೂ ಕಾಣುತ್ತದೆ. ಒಂದು ಜೀವದಿಂದ ಇನ್ನೊಂದಕ್ಕೆ ಗೆರೆಗಳು ಹರಿಯುತ್ತವೆ. ಯಾರಿಗೆ ಯಾರ ಜೊತೆ ಏನು ನಂಟು ಅನ್ನುವುದನ್ನು ಆ ಗೆರೆ ಹೇಳುತ್ತದೆ.

ಆ ಪ್ರಶ್ನೆಯನ್ನು ಕಲಿಯಿರಿ, ಅವರ ಗುರುತುಗಳನ್ನು ಅಲ್ಲೇ ಬಿಡಿ. ಈ ಮೂಲನಿವಾಸಿ ಜನರ ಎಷ್ಟೋ ಆಚರಣೆಗಳನ್ನು ಕೆನಡಾ ಸರ್ಕಾರ ಕಾನೂನು ಮಾಡಿ ತಡೆದಿತ್ತು. ಆ ನಿಷೇಧ ಹೋದದ್ದು 1951ರಲ್ಲಿ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನು ನಾವು ಸುಮ್ನೆ ನಕಲು ಮಾಡಬಾರದು. ನಮ್ಮ ಗಂಡಭೇರುಂಡವನ್ನು ಯಾರೋ ಡಿಸೈನ್ ಚೆನ್ನಾಗಿದೆ ಅಂತ ಚಪ್ಪಲಿ ಮೇಲೆ ಅಚ್ಚು ಹಾಕಿದರೆ ನಮಗೆ ಹೇಗಾಗುತ್ತೆ, ಅಲ್ವಾ?

ಈಗ ನಿಮ್ಮ ಪ್ರಾಣಿ. ನಾನು ಹದ್ದನ್ನೇ ಕೊಡುತ್ತೇನೆ, ಬೆಂಗಳೂರಿನಲ್ಲಿ ತಲೆ ಎತ್ತಿದರೆ ಸಿಗುತ್ತದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಬೆಳಿಗ್ಗೆ ನಿಂತು ನೋಡಿ. ರೆಕ್ಕೆ ಬಡಿಯುವುದು ತೀರಾ ಕಡಿಮೆ. ಕವಲು ಬಾಲವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಮಾಡುತ್ತದೆ, ಇಡೀ ಮೈ ಅದರ ಹಿಂದೆ ವಾಲುತ್ತದೆ. ಬಾಲ ದುಂಡಗಿದ್ದು ತಲೆ ಬೆಳ್ಳಗಿದ್ದರೆ ಅದು ಗರುಡ, ಬೇರೆ ಹಕ್ಕಿ.

ಅಗ್ಗದ ಕಾಗದ, ಇದ್ದಿಲ ಕಡ್ಡಿ ಸಾಕು. ಕಣ್ಣು ಹಕ್ಕಿಯ ಮೇಲಿರಲಿ, ಕಾಗದ ನೋಡಬೇಡಿ. ಕೊಕ್ಕು, ಕಣ್ಣು, ಗರಿ ಯಾವುದೂ ಬೇಡ. ಬಾಲ ಓರೆಯಾದಾಗ ಕೈಯೂ ಓರೆಯಾಗಲಿ. ಮನೆಗೆ ಬಂದು ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ತಿರುವು ಚೆನ್ನಾಗಿ ಬಂದಿರುವ ಒಂದನ್ನು ಆರಿಸಿ.

ಆಮೇಲೆ ನಂಟು ಹುಡುಕಿ. ಈ ಹದ್ದಿಗೂ ಊರಿಗೂ ಏನಿದೆ? ಮಾಂಸದಂಗಡಿ ಇದೆ, ಗೂಡು ಕಟ್ಟಿದ ಮರ ಇದೆ, ಮಾಂಜಾ ದಾರ ಇದೆ. ಗಾಳಿಪಟದ ಆ ದಾರ ರೆಕ್ಕೆಯನ್ನೇ ಕೊಯ್ಯುತ್ತದೆ. ನನ್ನ ಚಿತ್ರಗಳಲ್ಲಿ ಎರಡು ಜೀವಗಳ ನಡುವಿನ ಗೆರೆ ಅಂದರೆ ಈ ಮಾಂಜಾ. ಮನುಷ್ಯನಿಗೂ ಹದ್ದಿಗೂ ಇಲ್ಲಿರುವ ನಂಟು ಹಾಗಿದೆ, ಅದನ್ನು ಮುಚ್ಚಿಡಬಾರದು ಅಂತ ನನಗನ್ನಿಸುತ್ತದೆ.

ಬಣ್ಣಕ್ಕೆ 300 ಜಿಎಸ್‌ಎಂನ ದಪ್ಪ ಕಾಗದವನ್ನು ಹಲಗೆಗೆ ಟೇಪ್ ಹಾಕಿ ಬಿಗಿಯಿರಿ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಸ್ವಲ್ಪ ಕಪ್ಪಾಗುತ್ತದೆ, ಅದಕ್ಕೇ ಒಂದು ಛಾಯೆ ತಿಳಿಯಾಗಿ ಕಲಸಿ. ಏಪ್ರಿಲ್ ಬಿಸಿಲಲ್ಲಿ ತಟ್ಟೆಯಲ್ಲೇ ಗಟ್ಟಿಯಾಗುತ್ತದೆ, ನೀರಿನ ಸ್ಪ್ರೇ ಬಾಟಲಿ ಪಕ್ಕದಲ್ಲಿರಲಿ. ಮೊದಲು ತೆಳುವಾಗಿ ಆಕಾಶದ ಬೂದು ಬಳಿದು ಒಣಗಿಸಿ. ಅದರ ಮೇಲೆ ಅಗಲ ಬ್ರಷ್‌ನಿಂದ ಆ ತಿರುವನ್ನು ಒಂದೇ ಎಳೆತದಲ್ಲಿ ಹಾಕಿ. ಭುಜದಿಂದ ಎಳೆಯಿರಿ, ಮಣಿಕಟ್ಟಿನಿಂದ ಎಳೆದರೆ ಗೆರೆ ಗಿಡ್ಡವಾಗುತ್ತದೆ. ಹಸಿ ಇರುವಾಗಲೇ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದರೆ ಒಳಗಿನ ಬೂದು ಇಣುಕುತ್ತದೆ. ಮಾಂಜಾ ಗೆರೆ ಕೊನೆಗೆ: ಉದ್ದ ಕೂದಲಿನ ತೆಳು ಬ್ರಷ್, ಶಾಯಿಯಷ್ಟು ನೀರಾದ ಬಣ್ಣ.

ಚಿತ್ರವನ್ನು ತಲೆಕೆಳಗೆ ಮಾಡಿ ನೋಡಿ. ಹಕ್ಕಿ ಕಾಣದೇ ಹೋದರೂ ತಿರುವು ಉಳಿದಿದ್ದರೆ ಬ್ರಷ್ ತೊಳೆದಿಡಿ. ಇನ್ನೂ ಹಕ್ಕಿಯ ಆಕಾರವೇ ಕಂಡರೆ ಅಂಚಿನ ಮೇಲೆ ಬೂದು ಬಳಿದು ಅದನ್ನು ಒಡೆಯಿರಿ.

ಹೆಸರಿಡುವಾಗ 'ಸ್ವಾತಂತ್ರ್ಯ' ಅಂತೆಲ್ಲ ಬೇಡ, ಜಾಗದ ಹೆಸರು, ತಿಂಗಳು ಬರೆಯಿರಿ. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಇಡುವುದಾದರೆ, ಕೇಳಿದವರಿಗೆ 'ಟ್ರೈಬಲ್ ಸ್ಟೈಲ್' ಅನ್ನಬೇಡಿ. ಗೆರೆಯ ವಿಚಾರ ಕಲಿತದ್ದು ಸ್ಯಾಂಡಿ ಲೇಕ್‌ನ ಕ್ರೀ ಕಲಾವಿದ ಕಾರ್ಲ್ ರೇ ಅವರ ಚಿತ್ರಗಳಿಂದ, ಹದ್ದು ಮಾತ್ರ ಶಿವಾಜಿನಗರದ್ದು ಅಂತ ಪೂರ್ತಿಯಾಗಿ ಹೇಳಿ. ಚಿತ್ರದ ಹಿಂದೆಯೂ ಪೆನ್ಸಿಲ್‌ನಲ್ಲಿ ಅದನ್ನೇ ಬರೆದಿಡಿ.